ಅಡುಗೆಮನೆ ಬಾಗಿಲ ಹಿಂದಿನ ದಿಲ್ಲಿ

ಮನುಷ್ಯ ಮುದುಕನಾಗುತ್ತ ಹೋದಂತೆ ಏನೇನೋ ಆಗುತ್ತಾನೆ. ಕೆಲವರು ವೇದಾಂತಿಗಳಾಗುತ್ತಾರೆ. ಕೆಲವರು ಬೆಳಗಾಗುವುದರೊಳಗೆ ಎದ್ದು, ಯಾರೋ ಬೆನ್ನಟ್ಟಿದ್ದಾರೆ ಎನ್ನುವ ಹಾಗೆ ಬಿರಬಿರನೆ ನಡೆಯುತ್ತಾರೆ. ಇನ್ನು ಕೆಲವರು ಮೊಬೈಲಿನಲ್ಲಿ ಲೋಕಕ್ಕೆಲ್ಲ ಹೂವಿನ ಚಿತ್ರದ ಶುಭೋದಯ ಹಂಚುತ್ತಾರೆ. ನಾನು ರೇಡಿಯೋ ಆಗಿದ್ದೇನೆ. ರೇಡಿಯೋದಲ್ಲಿ ಮಾತಾಡುವವನಾಗಿದ್ದೇನೆ ಎಂದು ನೀವು ತಿಳಿದುಕೊಂಡರೆ ಅದು ನಿಮ್ಮ ದೊಡ್ಡಗುಣ. ಹಾಗಲ್ಲ, ಸ್ವತಃ ರೇಡಿಯೋ. ಮೂರು ತಿಂಗಳಿಂದ ಶಹಾಬಾದಿನ ನಮ್ಮ ಮನೆಯ ಅಡುಗೆಮನೆ ಬಾಗಿಲ ಹಿಂದೆ ನಿಂತು, ಹೋದ ವರ್ಷದ ಕ್ಯಾಲೆಂಡರನ್ನು ಸುರುಳಿ ಸುತ್ತಿ ಬಾಯಿಗೆ ಹಿಡಿದು, "ಇದು ದಿಲ್ಲಿ ಕೇಂದ್ರ" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ. ದಿಲ್ಲಿಯನ್ನು ನಾನು ಕಣ್ಣಾರೆ ಕಂಡವನಲ್ಲ. ನನ್ನ ಪಾಲಿನ ದಿಲ್ಲಿಯಲ್ಲಿ ಒಂದು ಕಡೆ ಗ್ಯಾಸಿನ ಒಲೆ, ಇನ್ನೊಂದು ಕಡೆ ಉಳ್ಳಾಗಡ್ಡಿ ಬುಟ್ಟಿ. ನಡುವೆ ನನ್ನ ಹೆಂಡತಿ ಕಸ್ತೂರಿ. "ನಿಮ್ಮ ದಿಲ್ಲಿ ಸ್ವಲ್ಪ ಆಕಡಿ ಸರಸ್ರಿ, ಹಾಲು ಉಕ್ಕಲಿಕತ್ತದ" ಎಂದು ಅವಳು ಎಷ್ಟೋ ಸಲ ರಾಷ್ಟ್ರೀಯ ಪ್ರಸಾರದ ನಡುವೆ ಬಾಯಿ ಹಾಕಿದ್ದಾಳೆ.

ಈ ನಿಲಯಕ್ಕೆ ಒಬ್ಬಳೇ ಶ್ರೋತೃ. ನಮ್ಮಕ್ಕ ನೀಲಮ್ಮ. ವಯಸ್ಸು ಎಂಬತ್ತು ದಾಟಿದೆ ಎಂಬುದು ನನ್ನ ಅಂದಾಜು, ಅವಳು ಒಪ್ಪಿಲ್ಲ. ನಮ್ಮದು ದಂಡೋತಿಯ ಅಂಬಿಗರ ಮನೆತನ, ಕಾಗಿಣಾ ಹೊಳೆಯ ದಂಡೆಯವರು. ಅವ್ವ ತೀರಿಕೊಂಡಾಗ ನನಗಿನ್ನೂ ಸರಿಯಾಗಿ ಚಡ್ಡಿ ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ಆಗತಾನೇ ರಾವೂರಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕ ಬಂದು, ನನ್ನನ್ನು ಬಗಲಲ್ಲಿ ಎತ್ತಿಕೊಂಡು ಹೋದಳು. ಗಂಡನ ಮನೆಗೆ ಹೊಸ ಸೊಸೆ ತಮ್ಮನನ್ನು ತಂದದ್ದಕ್ಕೆ ಅಲ್ಲಿ ಯಾರು ಏನಂದರೋ ನನಗೆ ಗೊತ್ತಿಲ್ಲ, ಅಂದದ್ದೆಲ್ಲ ಅವಳೇ ನುಂಗಿಕೊಂಡಳು. ಅವಳಿಗೆ ಮಕ್ಕಳಾಗಲಿಲ್ಲ. ಇದ್ದ ಒಬ್ಬ ಮಗನೆಂದರೆ ನಾನೇ, ಆ ಮಗನೂ ಹೇಳಿಕೊಳ್ಳುವಂಥವನಲ್ಲ. ಓದಿ ಮಾಸ್ತರನಾದೆ, ಹುಡುಗರ ಕಿವಿ ಹಿಂಡಿದೆ, ನಿವೃತ್ತನಾದೆ. ಭಾವ ಹೋದ ಮೇಲೆ ಅಕ್ಕ ನಮ್ಮ ಜೊತೆಗೇ ಇದ್ದಾಳೆ. ಬರುವಾಗ ರಾವೂರದಿಂದ ಅವಳು ತಂದದ್ದು ಎರಡೇ ಸಾಮಾನು: ರೊಟ್ಟಿಯ ಹಂಚು, ಮತ್ತು ಭಾವನ ರೇಡಿಯೋ.

ಆ ರೇಡಿಯೋ ಅಕ್ಕನಿಗೆ ಹಾಡು ಕೇಳುವ ಯಂತ್ರವಾಗಿರಲಿಲ್ಲ, ಗಡಿಯಾರವಾಗಿತ್ತು. ನಿಜವಾದ ಗಡಿಯಾರ ನೋಡಲು ಅವಳಿಗೆ ಬರುತ್ತಿರಲಿಲ್ಲ. ಹೊಸದಾಗಿ ಮಾಸ್ತರನಾದ ಹುಮ್ಮಸ್ಸಿನಲ್ಲಿ ಅವಳಿಗೇ ಮೊದಲು ಕಲಿಸಹೋಗಿ ಸೋತವನು ನಾನು. "ಉದ್ದಂದೊಂದು ಹೇಳ್ತದ, ಗಿಡ್ಡಂದೊಂದು ಹೇಳ್ತದ. ಒಂದೇ ಮನ್ಯಾಗ ಇಬ್ಬರು ಯಜಮಾನ್ರು ಇದ್ದಂಗದ, ಯಾರ ಮಾತು ಕೇಳ್ಬೇಕು?" ಎಂದು ಪಾಠ ಮುಗಿಸಿಬಿಟ್ಟಳು. ರೇಡಿಯೋದಲ್ಲಿ ಅಂಥ ಗೊಂದಲವಿರಲಿಲ್ಲ. ಮುಂಜಾನೆ ನಿಲಯ ತೆರೆಯುವ ಆ ಪಿಟೀಲಿನ ಎಳೆ ಕೇಳಿಸಿದರೆ ಒಲೆ ಹೊತ್ತಬೇಕು. ಭಕ್ತಿಗೀತೆ ಮುಗಿಯುವುದರೊಳಗೆ ನೀರು ಕಾಯಬೇಕು. ಸಂಸ್ಕೃತ ವಾರ್ತೆ ಹತ್ತಿದಾಗ ಜೋಳದ ಹಿಟ್ಟು ನಾದಬೇಕು. ದಿಲ್ಲಿಯ ಕನ್ನಡ ವಾರ್ತೆ ಮುಗಿಯುವಷ್ಟರಲ್ಲಿ ಕಲ್ಲಿನ ಗಣಿಗೆ ಹೊರಟ ಭಾವನ ಕೈಯಲ್ಲಿ ಬುತ್ತಿಯ ಗಂಟು ಇರಬೇಕು. ವಾರ್ತೆ ಓದುವವರು ಒಂದು ದಿನ ಅವಸರ ಮಾಡಿ ಬೇಗ ಮುಗಿಸಿದರೆ ಭಾವನಿಗೆ ಒಂದು ರೊಟ್ಟಿ ಕಡಿಮೆಯಾಗುತ್ತಿತ್ತು. ಆ ದಿನ ಅಕ್ಕ ಮಧ್ಯಾಹ್ನದ ತನಕ ದಿಲ್ಲಿಯನ್ನು ಬೈಯುತ್ತಿದ್ದಳು.

ಸಂಸ್ಕೃತ ವಾರ್ತೆಯ ಮಾತು ಬಂತು, ಅದನ್ನು ಹೇಳದೆ ಮುಂದೆ ಹೋಗಲಾರೆ. ರಾವೂರದ ನಮ್ಮ ಓಣಿಯಲ್ಲಿ ಅದು ಒಬ್ಬರಿಗೂ ತಿಳಿಯುತ್ತಿರಲಿಲ್ಲ, ಆದರೆ ಒಬ್ಬರೂ ಅದನ್ನು ಬಂದ್ ಮಾಡುತ್ತಿರಲಿಲ್ಲ. ಅಕ್ಕನ ಅತ್ತೆ ಅಷ್ಟು ಹೊತ್ತೂ ಕೈ ಮುಗಿದು ಕೂತಿರುತ್ತಿದ್ದರು. ಯಾವನೋ ಮಂತ್ರಿ ಯಾವುದೋ ಅಣೆಕಟ್ಟು ನೋಡಲು ಹೋದ ಸುದ್ದಿಗೆ ಆ ಮುದುಕಿ ಕಣ್ಣು ಮುಚ್ಚಿ ಕೆನ್ನೆ ಬಡಿದುಕೊಳ್ಳುತ್ತಿದ್ದದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಸಂಜೆ ರೈತರ ಕಾರ್ಯಕ್ರಮ. ಭಾವನಿಗೆ ಅಂಗೈಯಗಲ ಹೊಲವಿರಲಿಲ್ಲ. ಆದರೂ ಹತ್ತಿಗೆ ಹುಳ ಬಿದ್ದರೆ ಏನು ಸಿಂಪಡಿಸಬೇಕು, ತೊಗರಿಯ ಸಾಲಿನ ನಡುವೆ ಎಷ್ಟು ಅಂತರ ಬಿಡಬೇಕು ಎಂದು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದ. ಹೊಲವಿದ್ದ ಮಂದಿ ಕೊಡ್ಲಿಯಂಥ ದೂರದ ಊರಿನಿಂದ ನೆಂಟಸ್ತಿಕೆಗೆ ಬಂದಾಗ ಅವರಿಗೇ ಬುದ್ಧಿ ಹೇಳುತ್ತಿದ್ದ. ಇನ್ನು ಹವಾಮಾನ. "ಮೀನುಗಾರರು ನೀರಿಗಿಳಿಯಬಾರದು" ಎಂದು ದಿಲ್ಲಿ ಹೇಳಿದ ದಿನ ದಂಡೋತಿಯಲ್ಲಿ ನಮ್ಮ ಕಾಕಾ ಹರಗೋಲನ್ನು ದಂಡೆಗೆಳೆದು ಬೋರಲು ಹಾಕಿಬಿಡುತ್ತಿದ್ದ. ಹೊಳೆಯಲ್ಲಿ ಮೊಣಕಾಲುದ್ದ ನೀರು, ಮೇಲೆ ರಣಬಿಸಿಲು, ಆಚೆ ದಡದಲ್ಲಿ ಮಂದಿ ಕೂಗುತ್ತಿದ್ದಾರೆ. ಅದು ಸಮುದ್ರದವರಿಗೆ ಹೇಳಿದ ಮಾತು ಎಂದು ಶಾಲೆ ಕಲಿತ ನಾನು ತಿಳಿಸಿ ಹೇಳಿದರೆ, "ದಿಲ್ಲಿಯವ್ರಿಗೆ ಗೊತ್ತಿರಲಾರದ್ದು ನಿನಗ ಗೊತ್ತದೇನು? ನಾವು ಮೀನ ಹಿಡಿಯೋರು ಹೌದೋ ಅಲ್ಲೋ?" ಎಂದು ಕೇಳಿದ. ಹೌದು ಎನ್ನದೆ ಬೇರೆ ದಾರಿಯಿರಲಿಲ್ಲ.

ಹೀಗೆ ಬದುಕಿದ ಅಕ್ಕನಿಗೆ ನಾಲ್ಕು ತಿಂಗಳ ಹಿಂದೆ ಜ್ವರ ಬಂದು ಹದಿನೈದು ದಿನ ಆಸ್ಪತ್ರೆಯಲ್ಲಿ ಮಲಗುವಂತಾಯಿತು. ಬದುಕಿ ಬಂದಳು, ಆದರೆ ಹೊತ್ತನ್ನು ಅಲ್ಲೇ ಬಿಟ್ಟು ಬಂದಿದ್ದಳು. ಬೆಳಿಗ್ಗೆ ಚಹಾ ಕೊಟ್ಟರೆ "ದೀಪ ಹಚ್ಚೀರೇನು?" ಎನ್ನುತ್ತಿದ್ದಳು. ನಟ್ಟ ನಡುಮಧ್ಯಾಹ್ನ ಹಾಸಿಗೆ ಹಾಸಲು ಹೇಳುತ್ತಿದ್ದಳು. ಊಟದ ತಾಟು ಮುಂದಿಟ್ಟರೆ ಒಂದೇ ಮಾತು, "ವಾರ್ತಾ ಆಗಿಲ್ಲ, ಈಗೆಂಥಾ ಊಟ?" ವಾರ್ತೆ ಆಗುವುದಾದರೂ ಹೇಗೆ? ಅವಳು ಆಸ್ಪತ್ರೆಯಲ್ಲಿದ್ದಾಗಲೇ ಭಾವನ ರೇಡಿಯೋ ಕಣ್ಣು ಮುಚ್ಚಿತ್ತು. ರಿಪೇರಿ ಮಾಡುವ ಸಾಹೇಬರು ಅದರ ಬೆನ್ನು ಬಿಚ್ಚಿ ನೋಡಿ, "ಮಾಸ್ತರ್, ಇದರ ಸಾಮಾನ ಈಗ ದುನಿಯಾದಾಗೇ ಸಿಗಂಗಿಲ್ರಿ, ಮನ್ಯಾಗ ನೆನಪಿಗೆ ಇಟ್ಕೋರಿ" ಎಂದು ಬಟ್ಟೆಯಲ್ಲಿ ಸುತ್ತಿ ವಾಪಸು ಕೊಟ್ಟಿದ್ದರು. ಮೊಬೈಲಿನಲ್ಲಿ ಈಗಿನ ರೇಡಿಯೋ ಹಚ್ಚಿಕೊಟ್ಟೆ. ಅದರಲ್ಲಿ ಒಬ್ಬ ಹುಡುಗ ಉಸಿರು ತೆಗೆದುಕೊಳ್ಳದೆ ಮಾತಾಡಿದ. ಅಕ್ಕ ಸ್ವಲ್ಪ ಹೊತ್ತು ಕೇಳಿ, "ಇಂವ ಯಾಂವೋ, ನಕ್ಕೋತ ನಕ್ಕೋತ ಟೈಮ್ ಹೇಳ್ತಾನ. ಇಂಥಾವನ ಮಾತು ನಂಬಿ ಅನ್ನ ಇಳಸ್ತಾರೇನು?" ಎಂದು ಮುಖ ತಿರುಗಿಸಿದಳು.

ಮೂರು ದಿನ ತಾಟು ಹಾಗೇ ಹಿಂದಕ್ಕೆ ಬಂತು. ಹೊಟ್ಟೆಗೆ ಏನಾದರೂ ಬೀಳದೆ ಗುಳಿಗೆ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ಹಿಡಿದು ಕೂಡಿಸುವಾಗ ಅವಳ ತೋಳಿನಲ್ಲಿ ನನ್ನ ಕೈಗೆ ಎಲುಬೇ ಸಿಗುತ್ತಿತ್ತು. ನನ್ನನ್ನು ಎತ್ತಿಕೊಂಡು ದಂಡೋತಿಯಿಂದ ರಾವೂರಕ್ಕೆ ಬಂದ ತೋಳು ಅದು. ನನಗೆ ನಿಜವಾಗಿ ಹೆದರಿಕೆಯಾಯಿತು. ಹೆದರಿಕೆಯಾದಾಗ ನಾನು ಹೆಂಡತಿಯ ಮೇಲೆ ಸಿಟ್ಟು ಮಾಡುತ್ತೇನೆ, ಇದು ನನ್ನ ಹಳೆಯ ಪದ್ಧತಿ. "ಏನಾರ ಒಂದು ಮಾಡು" ಎಂದು ರೇಗಿದೆ. ಕಸ್ತೂರಿ ತಾಟನ್ನು ಕೆಳಗಿಟ್ಟು, "ನಾ ಏನ್ ಮಾಡ್ಲಿ? ಆಕಿಗಿ ಬೇಕಾದದ್ದು ವಾರ್ತಾ. ಇಡೀ ಜನ್ಮ ಸಾಲ್ಯಾಗ ಒದರೀರಲ್ಲ, ಇಲ್ಲೂ ಒಂದೀಟು ಒದರ್ರಿ" ಎಂದಳು. ಅವಳು ಅಂದದ್ದು ಸಿಟ್ಟಿನಿಂದ. ನಾನು ಮಾತ್ರ ಬಾಗಿಲ ಹಿಂದೆ ಹೋಗಿ ನಿಂತೆ. ವಾರ್ತೆಗೆ ಮೊದಲು ಬರುವ ಹಾಗೆ ಮೂಗಿನಿಂದ ನಾಲ್ಕು ಸಲ "ಪೀಂ ಪೀಂ" ಮಾಡಿದೆ. "ಇದು ದಿಲ್ಲಿ ಕೇಂದ್ರ. ವಾರ್ತೆಗಳು" ಎಂದೆ. ಮುಂದೇನು ಹೇಳಬೇಕೋ ತೋಚದೆ, ಮಾನ್ಸೂನ್ ಮಾರುತಗಳ ಬಗ್ಗೆ ಏಳನೇ ಇಯತ್ತೆಗೆ ಹೇಳುತ್ತಿದ್ದ ಪಾಠವನ್ನು ಶುರು ಮಾಡಿದೆ. ಪಡಸಾಲೆಯಲ್ಲಿ ಪರಸಿ ಕಲ್ಲಿನ ನೆಲದ ಮೇಲೆ ತಾಟು ಸರಿದ ಸಪ್ಪಳ ಕೇಳಿಸಿತು. ಅಕ್ಕ ರೊಟ್ಟಿ ಮುರಿಯುತ್ತಿದ್ದಳು.

ಅಂದಿನಿಂದ ನಾನು ರೇಡಿಯೋ. ಅವಳು ಅದನ್ನು ನಿಜಕ್ಕೂ ದಿಲ್ಲಿಯೆಂದು ನಂಬಿದ್ದಳೋ, ತಮ್ಮನ ಆಟವೆಂದು ತಿಳಿದಿದ್ದಳೋ, ನಾನು ಕೇಳಲಿಲ್ಲ. ಉಣ್ಣುತ್ತಿದ್ದಳಲ್ಲ, ನನಗಷ್ಟು ಸಾಕಾಗಿತ್ತು. "ಅಕ್ಕೇನ್ ಹುಚ್ಚಿ ಅಲ್ರಿ, ಎಲ್ಲಾ ಗೊತ್ತದ ಆಕಿಗಿ" ಎಂದು ಕಸ್ತೂರಿ ಹೇಳುತ್ತಿದ್ದಳು. ಮೊದಲ ವಾರ ಒಂದು ದೂರು ಬಂತು. "ವಾರ್ತಾ ಓದಾಂವ ತನ್ನ ಹೆಸರೇ ಹೇಳಂಗಿಲ್ಲ, ಕಳ್ಳ ಸುದ್ದಿ ಇದ್ದಂಗದ" ಎಂದಳು ಅಕ್ಕ. ಮರುದಿನದಿಂದ "ಓದುತ್ತಿರುವವರು ಬಸವರಾಜ ರಾವೂರ" ಎಂದು ಸೇರಿಸಿದೆ. ಸ್ವಂತ ಹೆಸರನ್ನು ದಿಲ್ಲಿಯಿಂದ ಕೇಳಿದಾಗ ಎದೆ ಕೊಂಚ ಉಬ್ಬಿತು, ಸುಳ್ಳೇಕೆ ಹೇಳಲಿ. ನನ್ನ ವಾರ್ತೆಗಳು ಬಹಳ ಒಳ್ಳೆಯ ವಾರ್ತೆಗಳು. ಪತ್ರಿಕೆಯಲ್ಲಿ ಬಂದ ಅಪಘಾತ, ಜಗಳ, ಸಾವು ಯಾವುದನ್ನೂ ನಾನು ಪ್ರಸಾರ ಮಾಡುತ್ತಿರಲಿಲ್ಲ. ಚಿಂಚೋಳಿ ಕಡೆ ತೊಗರಿ ಹೂ ಕಚ್ಚಿದೆ, ಸೇಡಮ್ಮಿನಲ್ಲಿ ಹದವಾದ ಮಳೆಯಾಗಿದೆ, ಕಾಗಿಣಾದಲ್ಲಿ ನೀರು ಬಂದಿದೆ ಆದರೆ ಯಾರಿಗೂ ತೊಂದರೆಯಾಗಿಲ್ಲ. "ಮಂದಿ ಸಾಯೋದೇ ಬಿಟ್ಟಾರೇನು?" ಎಂದು ಅಕ್ಕ ಒಂದು ದಿನ ಕೇಳಿದಳು, ದನಿಯಲ್ಲಿ ಸ್ವಲ್ಪ ಅನುಮಾನವಿತ್ತು. ರೈತರ ಕಾರ್ಯಕ್ರಮಕ್ಕೆ ಕಸ್ತೂರಿಯನ್ನೂ ಎಳೆದುಕೊಂಡೆ. ಕೊಟ್ಟಿಗೆ ಗೊಬ್ಬರದ ಬಗ್ಗೆ ನಾವಿಬ್ಬರೂ ಮಾಡಿದ ಚರ್ಚೆ ಐದನೇ ನಿಮಿಷಕ್ಕೆ ನಮ್ಮ ಮದುವೆಯಲ್ಲಿ ಯಾರ ಕಡೆಯವರು ಮೊದಲು ಕೋಪ ಮಾಡಿಕೊಂಡರು ಎಂಬಲ್ಲಿಗೆ ಹೋಗಿ ನಿಂತಿತು. ಆ ದಿನ ಅಕ್ಕ ಒಂದು ರೊಟ್ಟಿ ಹೆಚ್ಚಿಗೆ ತಿಂದಳು. ಸಂಸ್ಕೃತ ವಾರ್ತೆಗೆ ನನ್ನಲ್ಲಿದ್ದ ಬಂಡವಾಳ ರಾಮ ಶಬ್ದ ಒಂದೇ. ಅದರ ಎಲ್ಲ ವಿಭಕ್ತಿಗಳನ್ನೂ ಗಂಭೀರವಾಗಿ ಓದಿದೆ. ಅಕ್ಕ ಕೈ ಮುಗಿದು ಕೇಳಿದಳು.

ಹೀಗೆ ಸುಗಮವಾಗಿ ನಡೆದಿದ್ದ ನಿಲಯಕ್ಕೆ ಹೋದ ವಾರ ನೆಗಡಿಯಾಯಿತು. ಗಂಟಲು ಕಟ್ಟಿ, ಬಾಯಿ ತೆರೆದರೆ ಬಾಗಿಲ ತಿರುಗಣಿಯ ಸದ್ದು ಬರುತ್ತಿತ್ತು. ಮಧ್ಯಾಹ್ನದ ಮಹಿಳೆಯರ ಕಾರ್ಯಕ್ರಮ ನನ್ನಿಂದ ಆಗುವಂತಿರಲಿಲ್ಲ. ಆಗ ನೆನಪಾಯಿತು, ಹಿಂದೆ ಎರಡು ಕಾರ್ಯಕ್ರಮಗಳ ನಡುವೆ ಬಿಡುವಾದರೆ ರೇಡಿಯೋದವರು ಒಂದಿಷ್ಟು ವಾದ್ಯ ಸಂಗೀತ ಹಾಕುತ್ತಿದ್ದರು. ನನ್ನ ಬುದ್ಧಿಗೆ ನಾನೇ ಮೆಚ್ಚಿ, ಮೊಬೈಲಿನಲ್ಲಿ ಹುಡುಕಿದೆ. ಒಂದು ಸಾರಂಗಿ ಸಿಕ್ಕಿತು. ನಿಧಾನವಾಗಿತ್ತು, ಗಂಭೀರವಾಗಿತ್ತು, ಮುಖ್ಯವಾಗಿ ಒಂದು ತಾಸು ಉದ್ದವಿತ್ತು. ಹಚ್ಚಿ ಪಡಸಾಲೆಯ ಗೂಡಿನಲ್ಲಿ, ಸತ್ತ ರೇಡಿಯೋದ ಹಿಂದೆ ಇಟ್ಟೆ. ಕಸ್ತೂರಿ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಉಪ್ಪುನೀರು ಮುಕ್ಕಳಿಸಿ ಹಾಗೇ ಅಡ್ಡಾದವನಿಗೆ ನಿದ್ದೆ ಹತ್ತಿತು.

ಎಚ್ಚರಾದಾಗ ಕಸ್ತೂರಿ ನನ್ನ ಭುಜ ಅಲುಗಿಸುತ್ತಿದ್ದಳು. "ಏನ್ ಹಚ್ಚೀರಿ ನೀವು? ಅಕ್ಕ ಅಳ್ಲಿಕತ್ತಾಳ." ಓಡಿದೆ. ಅಕ್ಕ ತಲೆಯ ಮೇಲೆ ಸೆರಗು ಹೊದ್ದು ಗೋಡೆಗೆ ಒರಗಿ ಕೂತಿದ್ದಳು. ತಾಟನ್ನು ದೂರ ಸರಿಸಿದ್ದಳು, ಗುಳಿಗೆ ಹಾಗೇ ಇತ್ತು. ನನ್ನನ್ನು ನೋಡಿ, ನಾನಿದ್ದೇನೆ ಎಂದು ಖಾತ್ರಿ ಮಾಡಿಕೊಂಡಳು. ಕಸ್ತೂರಿಯನ್ನು ನೋಡಿ ಅವಳಿದ್ದಾಳೆ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಕೇಳಿದಳು, "ಯಾರ್ ಹೋದ್ರೋ ಬಸ್ಯಾ?"

ಆ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗಿನವರಿಗೆ ಹೇಳುತ್ತೇನೆ. ದೇಶದ ದೊಡ್ಡವರು ಯಾರಾದರೂ ತೀರಿಕೊಂಡರೆ ರೇಡಿಯೋ ಹಾಡುಗಳನ್ನೆಲ್ಲ ನಿಲ್ಲಿಸಿಬಿಡುತ್ತಿತ್ತು. ರೈತರಿಲ್ಲ, ಮಹಿಳೆಯರಿಲ್ಲ, ನಾಟಕವಿಲ್ಲ, ದಿನಗಟ್ಟಲೆ ಬರೀ ಸಾರಂಗಿ. ಸುದ್ದಿ ಬರುವ ಮೊದಲೇ ಓಣಿಯ ಹೆಂಗಸರು ಸಾರಂಗಿ ಕೇಳಿ "ಯಾರೋ ಹೋದ್ರು" ಎಂದು ಒಲೆ ಆರಿಸುತ್ತಿದ್ದರು. ಇದಿಷ್ಟೇ ಆಗಿದ್ದರೂ ನನ್ನ ತಪ್ಪು ತಪ್ಪೇ. ಆದರೆ ಅಕ್ಕನ ಪಾಲಿಗೆ ಅದರಲ್ಲಿ ಇನ್ನೊಂದು ಸಂಗತಿಯಿತ್ತು. ಕಲ್ಲಿನ ದೂಳು ಎದೆಯಲ್ಲಿ ಕೂತು ಭಾವ ಕಣ್ಣು ಮುಚ್ಚಿದ ದಿನವೇ ದಿಲ್ಲಿಯಲ್ಲಿಯೂ ಯಾರೋ ದೊಡ್ಡವರು ತೀರಿಕೊಂಡಿದ್ದರು. ಅಕ್ಕ ಹೆಣದ ತಲೆದೆಸೆಯಲ್ಲಿ ಕೂತಿದ್ದಳು. ಓಣಿಯ ಮನೆಮನೆಯ ರೇಡಿಯೋದಲ್ಲಿ ಸಾರಂಗಿ ಅಳುತ್ತಿತ್ತು. ಕಲ್ಲು ಒಡೆಯುವ ಮನುಷ್ಯನಿಗೆ ಇಡೀ ದೇಶ ಅಳುತ್ತಿದೆ ಎಂದು ಅವಳು ತಿಳಿದಳು. "ನಿಮ್ಮ ಭಾವಗ ದಿಲ್ಲಿಯವ್ರು ಎಂಥಾ ಮರ್ಯಾದಿ ಕೊಟ್ರು ನೋಡೋ" ಎಂದಳು. ಅಲ್ಲ ಎಂದು ಹೇಳುವ ಧೈರ್ಯ ಯಾರಿಗಿತ್ತು? ಮುಂದೆ ಎಷ್ಟೋ ತಿಂಗಳಿಗೆ ನಾನೇ ನಿಜ ಹೇಳಿದೆ. ಅವಳು, "ಇಬ್ಬರಿಗೂ ಕೂಡ್ಸೇ ನುಡಿಸ್ಯಾರ. ಬರೇ ಒಬ್ಬರಿಗಾಗಿ ಅಷ್ಟು ದಿನ ಯಾರ್ ನುಡಸ್ತಾರ?" ಎಂದಳು.

ಇಷ್ಟೆಲ್ಲ ಗೊತ್ತಿದ್ದ ನಾನು, ಅದೇ ಸಾರಂಗಿಯನ್ನು ಅವಳ ಊಟದ ಹೊತ್ತಿಗೆ ಹಚ್ಚಿ ಗೊರಕೆ ಹೊಡೆದಿದ್ದೆ. "ಯಾರೂ ಹೋಗಿಲ್ಲಕ್ಕ, ಎಲ್ಲಾರೂ ಅರಾಮ ಇದ್ದಾರ, ನೀ ಊಟ ಮಾಡು" ಎಂದು ಒಡೆದ ಗಂಟಲಿನಲ್ಲಿ ಹೇಳಿದೆ. "ನೀ ಹೇಳಿದ್ರ ಏನಾತು? ರೇಡಿಯೋದಾಗ ಹೇಳ್ಲಿ" ಎಂದಳು. ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ ಎಂಬುದು ನನಗೆ ಹೊಸ ಸುದ್ದಿಯಲ್ಲ. ಆದರೆ ನನ್ನ ಮಾತನ್ನು ನನ್ನಿಂದಲೇ ಖಾತ್ರಿ ಮಾಡಿಸಿಕೊಂಡು ಬಾ ಎಂದು ಯಾರೂ ಅಂದಿರಲಿಲ್ಲ. ಸಂಜೆ ನಾಲ್ಕಾಯಿತು. ಅಕ್ಕ ಚಹಾ ಮುಟ್ಟಲಿಲ್ಲ. ಐದಾಯಿತು, ನೀರೂ ಬೇಡ ಎಂದಳು. ಗುಳಿಗೆ ತಪ್ಪಿದರೆ ಮತ್ತೆ ಆಸ್ಪತ್ರೆಯೇ ಗತಿ ಎಂದು ಡಾಕ್ಟರು ಹೇಳಿದ್ದು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಕಸ್ತೂರಿ ಬಿಸಿನೀರಿಗೆ ಅರಿಷಿಣ ಹಾಕಿ ಕುಡಿಸಿ, ಕ್ಯಾಲೆಂಡರನ್ನು ತಾನೇ ಸುತ್ತಿ ಕೈಗೆ ಕೊಟ್ಟು, ನನ್ನನ್ನು ಬಾಗಿಲ ಹಿಂದೆ ನಿಲ್ಲಿಸಿದಳು.

"ಇದು ದಿಲ್ಲಿ ಕೇಂದ್ರ" ಎಂದೆ. ಬಂದದ್ದು ಗಾಳಿ. ಕೆಮ್ಮಿ ಮತ್ತೆ ಎಂದೆ. "ಓದುತ್ತಿರುವವರು ಬಸವರಾಜ ರಾವೂರ. ಇಂದು ಮಧ್ಯಾಹ್ನ ಸಾರಂಗಿ ವಾದನವು ತಪ್ಪಾಗಿ ಪ್ರಸಾರವಾಯಿತು. ದೇಶದಲ್ಲಿ ಯಾರೂ..." ಅಲ್ಲಿಗೆ ಗಂಟಲು ಪೂರ್ತಿ ಬಿತ್ತು. ನೆಗಡಿಯೊಂದೇ ಕಾರಣವಲ್ಲ. ಆ ಓಣಿ, ಹೆಣವಾಗಿ ಮಲಗಿದ್ದ ಭಾವನ ಕಾಲುಗಳು, ತಲೆದೆಸೆಯಲ್ಲಿ ಕೂತ ಅಕ್ಕ ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದು ನಿಂತವು. ಗೊರ್ ಗೊರ್ ಎಂಬ ಸದ್ದಿನ ಹೊರತು ಏನೂ ಹೊರಡಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಗೋಡೆ ಹಿಡಿದು ಹೆಜ್ಜೆ ಎಳೆಯುವ ಸಪ್ಪಳ ಕೇಳಿಸಿತು. ಆಸ್ಪತ್ರೆಯಿಂದ ಬಂದ ಮೇಲೆ ಅಡುಗೆಮನೆಯ ತನಕ ತಾನಾಗಿ ನಡೆದು ಬಾರದ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕ್ಯಾಲೆಂಡರನ್ನು ಬಾಯಿಗೆ ಹಿಡಿದ, ಮೂಗು ಸೋರುತ್ತಿದ್ದ ಅರವತ್ತೆಂಟು ವರ್ಷದ ದಿಲ್ಲಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಅಂಗೈ ಅಗಲಿಸಿ ನನ್ನ ಬೆನ್ನಿನ ಮೇಲೆ ಎರಡು ಬಿಟ್ಟಳು. ಸಿಟ್ಟಿನ ಏಟಲ್ಲ. ಗೊರಗುಟ್ಟುವ ಹಳೆಯ ಸೆಟ್ಟಿಗೆ ಎಲ್ಲರ ಮನೆಯಲ್ಲೂ ಕೊಡುತ್ತಿದ್ದ ಏಟು.

"ಕಸ್ತೂರಿ, ಮೊದಲ ಇದಕ್ಕ ಉಣ್ಣಲಿಕ್ಕ ಹಾಕು. ಮಧ್ಯಾಹ್ನದಿಂದ ಏನೂ ತಿಂದಿಲ್ಲ ಇದು" ಎಂದಳು. ನಿಜ, ನಾನೂ ತಿಂದಿರಲಿಲ್ಲ, ಅದು ನನಗೇ ಗಮನಕ್ಕೆ ಬಂದಿರಲಿಲ್ಲ. ಅಲ್ಲೇ ಉಳ್ಳಾಗಡ್ಡಿ ಬುಟ್ಟಿಯ ಪಕ್ಕ ನನ್ನನ್ನು ಕೂಡಿಸಿ, ತಾನೂ ಎದುರಿಗೆ ಕೂತಳು. ಕಸ್ತೂರಿ ಎರಡು ತಾಟು ಇಟ್ಟಳು. ಅಕ್ಕನ ಕೈ ತಾಟಿಗೆ ಹೋದೀತೇ ಎಂದು ನಾನು ನೋಡುತ್ತ ಕೂತೆ. ಅಕ್ಕ ಒಮ್ಮೆ ಗಂಟಲು ಸರಿಮಾಡಿಕೊಂಡು, ಎದುರಿನ ಗೋಡೆಗೆ ಹೇಳುವಂತೆ ಹೇಳಿದಳು: "ಇದು ದಿಲ್ಲಿ. ಯಾರೂ ಸತ್ತಿಲ್ಲ. ಶಾಬಾದದಾಗ ಅಕ್ಕ ತಮ್ಮ ಇಬ್ಬರೂ ಊಟಕ್ಕ ಕುಂತಾರ. ಸುದ್ದಿ ಮುಗೀತು, ಉಣ್ಣು." ರೊಟ್ಟಿ ಮುರಿದಳು, ಪಲ್ಲೆ ಹಚ್ಚಿಕೊಂಡಳು, ಎರಡು ರೊಟ್ಟಿ ಮುಗಿಸಿ ಕೇಳದೆಯೇ ಗುಳಿಗೆಗೆ ಕೈ ಒಡ್ಡಿದಳು. ಕಸ್ತೂರಿ ನನ್ನ ಕಡೆ ನೋಡಲಿಲ್ಲ, ನಾನೂ ಅವಳ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಅತ್ತುಬಿಡುತ್ತಿದ್ದೆವು.

ಆಮೇಲೆ ಅಕ್ಕನನ್ನು ಹಾಸಿಗೆಗೆ ಕರೆದುಕೊಂಡು ಹೋಗಿ ಮಲಗಿಸುವಾಗ ನನ್ನ ಕೈ ಹಿಡಿದು ನಿಲ್ಲಿಸಿದಳು. ಇಷ್ಟು ದಿನದ ನನ್ನ ವಾರ್ತೆ, ಹವಾಮಾನ, ರಾಮ ಶಬ್ದ, ಗೊಬ್ಬರದ ಚರ್ಚೆ ಇವುಗಳ ಬಗ್ಗೆ ಈಗ ಒಂದು ಒಳ್ಳೆಯ ಮಾತು ಬರುತ್ತದೆ ಎಂದು ನಾನು ಬಗ್ಗಿ ಕಿವಿಗೊಟ್ಟೆ.

"ನಾಳಿಗಿ ಆ ಸಾರಂಗಿ ಇನ್ನೊಮ್ಮೆ ಹಚ್ಚೋ ಬಸ್ಯಾ" ಎಂದಳು. "ನಿಮ್ಮ ಭಾವನ್ನ ನೆನಸಿ ಭಾಳ ದಿನಕ್ಕ ಕೂತು ಅತ್ತೆ, ಎದಿ ಹಗುರಾತು. ಆದ್ರ, ಊಟ ಆದ ಮ್ಯಾಲ ಹಚ್ಚು."

ನಿಲಯ ಆರಂಭವಾಗಿ ಮೂರು ತಿಂಗಳಾದ ಮೇಲೆ ಶ್ರೋತೃಗಳಿಂದ ಬಂದ ಮೊದಲ ಕೋರಿಕೆ ಅದು. ಬಂದದ್ದು, ನಾನು ಬಾಯಿ ಮುಚ್ಚಿಕೊಂಡು ಮಲಗಿದ್ದ ಆ ಒಂದು ತಾಸಿನ ಕಾರ್ಯಕ್ರಮಕ್ಕೆ.